ಗೋಲಿಯ ಹುಟ್ಟೂರು ಯಾವುದು? ಹಳೆಯ ಗಾಜಿನ ಗೋಲಿಗಳ ಕಿರುಚರಿತ್ರೆ



ಶನಿವಾರ ಬೆಳಿಗ್ಗೆ ಗರಾಜ್ ಸೇಲ್ ಸುತ್ತುವ ಚಟ ನಮ್ಮ ಸಂಘದ ಸದಸ್ಯರಲ್ಲಿ ಅನೇಕರಿಗೆ ಉಂಟು ಎಂಬುದು ಗುಟ್ಟೇನಲ್ಲ. ಹಳೆಯ ಪಾತ್ರೆ, ಪುಸ್ತಕ, ಮಕ್ಕಳ ಸೈಕಲ್ಲು ಇವುಗಳ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಹಳೆಯ ಕಾಫಿ ಡಬ್ಬಿ ಅಥವಾ ಗಾಜಿನ ಜಾಡಿಯ ತುಂಬ ಗೋಲಿಗಳು ಇರುವುದನ್ನು ನೀವೂ ನೋಡಿರಬಹುದು. ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಅಟ್ಟ ಖಾಲಿ ಮಾಡುವಾಗ ಹೊರಬಂದ ಡಬ್ಬಿ ಅದು. ಎಲ್ಲಾ ಸೇರಿ ಎರಡು ಡಾಲರ್ ಎಂದು ಚೀಟಿ ಅಂಟಿಸಿರುತ್ತಾರೆ. ನಾವು "ಅಯ್ಯೋ, ಗೋಲಿ ತಾನೇ" ಎಂದು ಮುಂದೆ ಹೋಗುತ್ತೇವೆ.

ಗೋಲಿ ತಾನೇ ಎನ್ನುವುದು ನಮ್ಮ ಭಾಷೆಯಲ್ಲೇ ಬಂದುಬಿಟ್ಟಿದೆ. ಬೇಡವಾದದ್ದಕ್ಕೆ "ಗೋಲಿ ಹೊಡಿ" ಎನ್ನುತ್ತೇವೆ. ಕೆಲಸಕ್ಕೆ ಬಾರದವನನ್ನು "ಗೋಲಿ ಆಡ್ಕೊಂಡಿದ್ದಾನೆ" ಎನ್ನುತ್ತೇವೆ. ಆದರೆ ಆ ಡಬ್ಬಿಯಲ್ಲಿರುವ ಪ್ರತಿಯೊಂದು ಗೋಲಿಗೂ ಒಂದು ಹುಟ್ಟೂರಿದೆ, ಒಂದು ಕಾಲವಿದೆ. ಬಲ್ಲವರು ಅದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಇದು ಜರ್ಮನಿಯದು, ಇದು ವೆಸ್ಟ್ ವರ್ಜೀನಿಯಾದ್ದು, ಇದು ಜಪಾನಿನದು ಎಂದು ಹೇಳಬಲ್ಲರು. ಹೇಗೆ ಹೇಳುತ್ತಾರೆ? ಅದನ್ನು ತಿಳಿಯಲು ಗೋಲಿಯ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕು.

ಕಲ್ಲು, ಮಣ್ಣು, ಗಜ್ಜುಗ

ಗುಂಡಾದ ಸಣ್ಣ ವಸ್ತುವನ್ನು ಉರುಳಿಸಿ ಆಡುವುದು ಮನುಷ್ಯನಷ್ಟೇ ಹಳೆಯದು ಎಂದರೆ ತಪ್ಪಾಗಲಾರದು. ಸಿಂಧೂ ಕಣಿವೆಯ ಹಳೆಯ ಊರುಗಳ ಅಗೆತದಲ್ಲಿ ಕಲ್ಲಿನ, ಸುಟ್ಟ ಮಣ್ಣಿನ ಸಣ್ಣ ಗುಂಡುಗಳು ಸಿಕ್ಕಿವೆ. ನಮ್ಮ ಹಳ್ಳಿಗಳಲ್ಲಿ ಗಾಜಿನ ಗೋಲಿ ಕೊಳ್ಳಲು ಕಾಸಿಲ್ಲದ ಹುಡುಗರಿಗೆ ಬೇಲಿಯ ಗಜ್ಜುಗವೇ ಗೋಲಿಯಾಗಿತ್ತು. ಬೂದುಬಣ್ಣದ, ನುಣುಪಾದ, ಕಲ್ಲಿನಂಥ ಆ ಬೀಜ ದುಡ್ಡು ಕೇಳುತ್ತಿರಲಿಲ್ಲ.

ಯೂರೋಪಿನಲ್ಲಿ ಜರ್ಮನಿಯೇ ಗೋಲಿಯ ತವರುಮನೆ. ಅಲ್ಲಿಯ ಇಡಾರ್ ಓಬರ್‌ಸ್ಟೈನ್ ಎಂಬ ಊರಿನಲ್ಲಿ ಅಗೇಟ್ ಕಲ್ಲನ್ನು ಸಾಣೆಗೆ ಹಿಡಿದು ಒಂದೊಂದಾಗಿ ಗೋಲಿ ಮಾಡುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಸ್ಥಳೀಯ ಕಲ್ಲು ಸಾಲದೆ ಬ್ರೆಜಿಲ್ ದೇಶದಿಂದ ಹಡಗಿನಲ್ಲಿ ತರಿಸುತ್ತಿದ್ದರು. ಅಷ್ಟು ಶ್ರಮದ ವಸ್ತು ಬಡವರ ಮಕ್ಕಳಿಗೆ ಎಟುಕೀತೆ? ಅವರಿಗೆ ಮಣ್ಣಿನ ಗೋಲಿಯೇ ಗತಿ.

ಲೌಷಾ ಎಂಬ ಗಾಜಿನ ಊರು

ಜರ್ಮನಿಯ ಥುರಿಂಗಿಯಾ ಕಾಡುಗುಡ್ಡಗಳ ನಡುವೆ ಲೌಷಾ ಎಂಬ ಪುಟ್ಟ ಊರಿದೆ. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಆರಂಭವಾಯಿತು. ಕಾಡಿನ ಸೌದೆ, ಮರಳು ಎರಡೂ ಕೈಗೆ ಸಿಗುವ ಜಾಗ. ಊರಿಗೆ ಊರೇ ಗಾಜಿನ ಕೆಲಸದಲ್ಲಿ ಬೆಳೆಯಿತು. ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳು ಹೆಸರಾದದ್ದೂ ಈ ಊರಿನಿಂದಲೇ. ಬೊಂಬೆಗಳಿಗೂ ಮನುಷ್ಯರಿಗೂ ಗಾಜಿನ ಕಣ್ಣು ಮಾಡುವವರೂ ಇಲ್ಲಿದ್ದರು.

1840ರ ದಶಕದಲ್ಲಿ ಈ ಊರಿನ ಗ್ರೈನರ್ ಮನೆತನದವರು ಗೋಲಿಯ ಕತ್ತರಿಯನ್ನು ಬಳಕೆಗೆ ತಂದರು. ನೋಡಲು ಇಕ್ಕಳದ ಹಾಗೆ, ಒಂದು ತುದಿಯಲ್ಲಿ ಸಣ್ಣ ಬಟ್ಟಲು, ಜೊತೆಗೆ ಕತ್ತರಿಸುವ ಅಲಗು. ಕೆಲಸದ ಬಗೆ ಹೀಗೆ: ಮೊದಲು ಬಿಸಿ ಗಾಜಿನ ಮುದ್ದೆಗೆ ಬಣ್ಣದ ಗಾಜಿನ ಕಡ್ಡಿಗಳನ್ನು ಸುತ್ತಲೂ ಅಂಟಿಸುವುದು. ಅದರ ಮೇಲೆ ತಿಳಿಗಾಜಿನ ಹೊದಿಕೆ ಕೊಟ್ಟು, ಬೇಕಿದ್ದರೆ ಮತ್ತೊಮ್ಮೆ ಬಣ್ಣದ ಎಳೆಗಳನ್ನು ಕೂರಿಸುವುದು. ಆಮೇಲೆ ತಿರುಚುತ್ತ ಎಳೆದು ಉದ್ದನೆಯ ಕೋಲು ಮಾಡುವುದು. ಆ ಕೋಲಿನ ಮೆದುವಾದ ತುದಿಯನ್ನು ಕತ್ತರಿಯ ಬಟ್ಟಲಿಗಿಟ್ಟು ತಿರುಗಿಸಿದರೆ ಗುಂಡಾಗುತ್ತದೆ. ಅಲಗು ಒತ್ತಿದರೆ ಕೋಲಿನಿಂದ ಬೇರೆಯಾಗುತ್ತದೆ. ಒಂದೇ ಕೋಲಿನಿಂದ ಸಾಲಾಗಿ ಹಲವು ಗೋಲಿ.

ನಮ್ಮ ಕಥೆಗೆ ಮುಖ್ಯವಾದದ್ದು ಇಲ್ಲೇ ಇದೆ. ಕತ್ತರಿಸಿದ ಜಾಗದಲ್ಲಿ ಗೋಲಿಯ ಮೈಮೇಲೆ ಒರಟಾದ ಗುರುತು ಉಳಿಯುತ್ತದೆ. ಇದಕ್ಕೆ ಪಾಂಟಿಲ್ ಎನ್ನುತ್ತಾರೆ. ನಾವು ಹೊಕ್ಕುಳು ಎಂದರೂ ಆಗುತ್ತದೆ, ಏಕೆಂದರೆ ತಾಯಿಕೋಲಿನಿಂದ ಬೇರೆಯಾದ ಗುರುತು ಅದು. ಸಾಮಾನ್ಯವಾಗಿ ಎರಡು ತುದಿಯಲ್ಲೂ ಒಂದೊಂದು ಇರುತ್ತದೆ. ಕೋಲಿನ ಕಟ್ಟಕಡೆಯ ತುದಿಯಿಂದ ಬಂದ ಗೋಲಿಗೆ ಒಂದೇ ಹೊಕ್ಕುಳು. ಈ ಗುರುತು ಇದೆಯೆಂದರೆ ಅದು ಕೈಯಿಂದ ಮಾಡಿದ ಗೋಲಿ. ಇದೇ ಮೊದಲ ಪಾಠ.

ಕೈಗೋಲಿಗಳ ಜಾತಿ

ಕೈಗೋಲಿಗಳಲ್ಲಿ ಹೆಚ್ಚಾಗಿ ಸಿಗುವುದು ಸ್ವರ್ಲ್, ಅಂದರೆ ಸುರುಳಿ ಗೋಲಿ. ತಿಳಿಗಾಜಿನ ನಡುವೆ ಬಣ್ಣದ ಎಳೆಗಳು ಒಂದು ಹೊಕ್ಕುಳಿನಿಂದ ಇನ್ನೊಂದಕ್ಕೆ ತಿರುಚಿಕೊಂಡು ಹೋಗುತ್ತವೆ. ನಡುವಿನ ಎಳೆಗಳು ಸಣ್ಣ ಬಲೆಯ ಹಾಗಿದ್ದರೆ ಲ್ಯಾಟಿಚಿನೊ. ಬಿಳಿ ಬಲೆ ಸಾಮಾನ್ಯ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ಕೆಂಪು ಮತ್ತು ನೀಲಿ ಬಹಳ ಅಪರೂಪ.

ಮೈತುಂಬ ಬಣ್ಣದ ಚುಕ್ಕೆಗಳನ್ನು ಎಳೆದ ಹಾಗೆ ಕಾಣುವುದು ಆನಿಯನ್ ಸ್ಕಿನ್, ಹೆಸರೇ ಹೇಳುವಂತೆ ಈರುಳ್ಳಿ ಸಿಪ್ಪೆ. ಗಾಜಿನೊಳಗೆ ಬೆಳ್ಳಿಯಂತೆ ಮಿನುಗುವ ಚೂರುಗಳಿದ್ದರೆ ಅದು ಮೈಕಾ, ನಮ್ಮ ಕಾಗೆಬಂಗಾರ. ತಾಮ್ರದ ಕಣಗಳಿಂದ ಚಿನ್ನದಂತೆ ಹೊಳೆಯುವ ಪಟ್ಟಿಯಿದ್ದರೆ ಲುಟ್ಜ್. ಇನ್ನು ಸಲ್ಫೈಡ್ ಎಂಬುದು ಸ್ವಲ್ಪ ದೊಡ್ಡ ಗೋಲಿ. ತಿಳಿಗಾಜಿನ ನಡುವೆ ಕುರಿ, ನಾಯಿ, ಹಕ್ಕಿ ಮೊದಲಾದ ಪುಟ್ಟ ಬೆಳ್ಳನೆಯ ಬೊಂಬೆ ಕೂತಿರುತ್ತದೆ. ಬೊಂಬೆಯ ಸುತ್ತ ತೆಳುವಾದ ಗಾಳಿಯ ಪದರ ಸಿಕ್ಕಿಕೊಂಡಿರುವುದರಿಂದ ಅದು ಬೆಳ್ಳಿಯಂತೆ ಕಾಣುತ್ತದೆ. ಪ್ರಾಣಿಗಳಿಗಿಂತ ಮನುಷ್ಯರೂಪ, ಅಂಕಿ ಇರುವಂಥವು ಕಡಿಮೆ.

ಹೆಸರಿಗೆ ಮೋಸಹೋಗಬೇಡಿ

ಈ ಲೋಕದಲ್ಲಿ ಹೆಸರುಗಳದ್ದೇ ಒಂದು ತಮಾಷೆ. "ಇಂಡಿಯನ್" ಎಂಬ ಗೋಲಿಯಿದೆ ಎಂದು ಕೇಳಿದರೆ ನಮಗೆ ಸಹಜವಾಗಿ ಕಿವಿ ನೆಟ್ಟಗಾಗುತ್ತದೆ. ಕಪ್ಪು ಗಾಜಿನ ಮೇಲೆ ಬಣ್ಣದ ಪಟ್ಟಿಗಳಿರುವ ಚೆಲುವಾದ ಗೋಲಿ. ಆದರೆ ಅದೂ ಜರ್ಮನಿಯದೇ! ಭಾರತಕ್ಕೂ ಅದಕ್ಕೂ ಹೆಸರಿನ ಸಂಬಂಧ ಮಾತ್ರ. ಬೆನ್ನಿಂಗ್ಟನ್ ಎಂಬುದು ವರ್ಮಾಂಟ್ ರಾಜ್ಯದ ಕುಂಬಾರಿಕೆಯ ಊರು. ಅಲ್ಲಿಯ ಪಾತ್ರೆಗಳ ಮೆರುಗನ್ನು ಹೋಲುತ್ತದೆ ಎಂಬ ಕಾರಣಕ್ಕೆ ಒಂದು ಬಗೆಯ ಕಂದು, ನೀಲಿ ಮಣ್ಣಿನ ಗೋಲಿಗೆ ಆ ಹೆಸರು ಬಂತು. ಅದೂ ಜರ್ಮನಿಯಿಂದ ಬಂದದ್ದು. ನಿಕೋಲಸ್ ಲುಟ್ಜ್ ಮ್ಯಾಸಚೂಸೆಟ್ಸ್‌ನ ಸ್ಯಾಂಡ್‌ವಿಚ್ ಎಂಬಲ್ಲಿ ಕೆಲಸ ಮಾಡಿದ ಹೆಸರಾಂತ ಗಾಜುಗಾರ. ಅವನ ಹೆಸರು ಹೊತ್ತ ಗೋಲಿಗಳು ಮಾತ್ರ ಜರ್ಮನಿಯ ಕುಲುಮೆಯವು.

ಹೆಸರು ಕೊಟ್ಟವರು ಗೋಲಿ ಮಾಡಿದವರಲ್ಲ, ಎಷ್ಟೋ ವರ್ಷಗಳ ನಂತರ ಅವುಗಳನ್ನು ಕೂಡಿಟ್ಟವರು. ಆದ್ದರಿಂದ ಹೆಸರನ್ನು ನಂಬಿ ಊರನ್ನು ಹೇಳಬಾರದು. ಮೈಮೇಲಿನ ಗುರುತನ್ನು ನೋಡಿಯೇ ಹೇಳಬೇಕು.

ಅಕ್ರಾನ್ ಊರಿನ ಯಂತ್ರ

ಈಗ ಅಮೆರಿಕಕ್ಕೆ ಬರೋಣ. ಓಹಾಯೊ ರಾಜ್ಯದ ಅಕ್ರಾನ್ ಎಂದರೆ ನಮ್ಮವರಿಗೆ ಟೈರಿನ ಊರು. ಗೋಲಿಗಳ ಮಟ್ಟಿಗೂ ಅದು ದೊಡ್ಡ ಊರೇ. 1884ರಲ್ಲಿ ಸ್ಯಾಮ್ಯುಯೆಲ್ ಡೈಕ್ ಎಂಬಾತ ಅಲ್ಲಿ ಮಣ್ಣಿನ ಗೋಲಿಗಳನ್ನು ರಾಶಿರಾಶಿಯಾಗಿ ತಯಾರಿಸಲು ಶುರುಮಾಡಿದ. ಗೋಲಿ ಅಗ್ಗವಾಯಿತು. ಅದುವರೆಗೆ ಅಂಗಡಿಯ ಆಟಿಕೆ ಎಂದರೆ ಉಳ್ಳವರ ಮಕ್ಕಳಿಗೆ ಎಂಬಂತಿತ್ತು. ಈಗ ಕೂಲಿಯವನ ಮಗನೂ ಒಂದು ಸೆಂಟು ಕೊಟ್ಟು ಜೇಬು ತುಂಬಿಸಿಕೊಳ್ಳುವಂತಾಯಿತು.

ಅದೇ ಊರಿನ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸನ್ ಮೊದಲು ಬಾಲ್ ಬೇರಿಂಗಿಗೆ ಬೇಕಾದ ಉಕ್ಕಿನ ಗುಂಡುಗಳನ್ನು ಮಾಡುವ ಯಂತ್ರ ಕಂಡುಹಿಡಿದವನು. ಉಕ್ಕಿಗೆ ಆಗುವುದು ಗಾಜಿಗೆ ಏಕಾಗಬಾರದು ಎಂದು ಯೋಚಿಸಿ ಗಾಜಿನ ಗೋಲಿಯ ಯಂತ್ರ ಮಾಡಿದ. 1905ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ತೋಡು ಇರುವ ಚಕ್ರಗಳ ನಡುವೆ ಬಿಸಿ ಗಾಜಿನ ಉಂಡೆ ಉರುಳುತ್ತ ತಣಿಯುತ್ತದೆ. ಹೀಗಾಗಿ ಅದು ಸರಿಯಾದ ಗುಂಡಾಗುತ್ತದೆ, ಹೊಕ್ಕುಳಿನ ಒರಟು ಗುರುತೂ ಇರುವುದಿಲ್ಲ.

ಆದರೆ ಕುಲುಮೆಯಿಂದ ಗಾಜನ್ನು ಕೋಲಿನ ತುದಿಗೆ ತೆಗೆದು ಯಂತ್ರಕ್ಕೆ ಬಿಡುವ ಕೆಲಸ ಇನ್ನೂ ಮನುಷ್ಯನದೇ. ಅವನು ಕೈ ತಿರುಗಿಸುವಾಗ ಗಾಜು ಸುತ್ತಿಕೊಂಡು ಗೋಲಿಯ ಒಂದು ತುದಿಯಲ್ಲಿ ಇಂಗ್ಲಿಷಿನ 9 ಅಂಕಿಯ ಆಕಾರ ಮೂಡುತ್ತಿತ್ತು. ಇನ್ನೊಂದು ತುದಿಯಲ್ಲಿ ಕತ್ತರಿಸಿದ ಬಾಲ. ಬಣ್ಣದ ಗಾಜಿನಲ್ಲಿ ಬಿಳಿ ಕಲೆಸಿದ ಸ್ಲ್ಯಾಗ್ ಎಂಬ ಗೋಲಿಗಳಲ್ಲಿ ಈ 9 ಸ್ಪಷ್ಟವಾಗಿ ಕಂಡರೆ, ಅದು ಕ್ರಿಸ್ಟೆನ್ಸನ್ ಕಾರ್ಖಾನೆಯದು ಎನ್ನಲು ಒಳ್ಳೆಯ ಕಾರಣ ಸಿಕ್ಕಿತು ಎಂದೇ ತಿಳಿಯಿರಿ. ಹೆಸರು ಗೊತ್ತಿಲ್ಲದ ಒಬ್ಬ ಕೆಲಸಗಾರನ ಮಣಿಕಟ್ಟು ತಿರುಗಿದ ಗುರುತು ಒಂದು ಶತಮಾನ ದಾಟಿ ನಮ್ಮ ಅಂಗೈಯಲ್ಲಿ ಕೂತಿದೆ ಎಂಬುದನ್ನು ನೆನೆದರೆ ಮೈ ಜುಂ ಎನ್ನುತ್ತದೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿಯಿಂದ ಗೋಲಿ ಬರುವುದು ನಿಂತಿತು. ಅಮೆರಿಕದ ಯಂತ್ರಗಳಿಗೆ ಇದು ಸುಗ್ಗಿ. ಆದರೆ ವಿಧಿಯಾಟ ನೋಡಿ, ಯುದ್ಧಕಾಲದಲ್ಲಿ ನೈಸರ್ಗಿಕ ಅನಿಲದ ಕೊರತೆಯಾಗಿ ಕ್ರಿಸ್ಟೆನ್ಸನ್ ಕಾರ್ಖಾನೆಯೇ 1917ರಲ್ಲಿ ಮುಚ್ಚಿಹೋಯಿತು. ಸುಗ್ಗಿಯ ಫಲ ಉಂಡವರು ಬೇರೆಯವರು.

ಕಾಗೆಯ ಗುರುತಿನ ಕಂಪನಿ

ಅವರೇ ಆಕ್ರೋ ಅಗೇಟ್ ಕಂಪನಿಯವರು. ಅಕ್ರಾನ್‌ನಲ್ಲೇ ಹುಟ್ಟಿದ ಈ ಕಂಪನಿ 1914ರಲ್ಲಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯಿತು. ಅಲ್ಲಿ ಅನಿಲ ಅಗ್ಗ, ಗಾಜಿಗೆ ಬೇಕಾದ ಒಳ್ಳೆಯ ಮರಳೂ ಹತ್ತಿರ. ಕೊಕ್ಕಿನಲ್ಲೂ ಕಾಲಿನಲ್ಲೂ ಗೋಲಿ ಹಿಡಿದು ಹಾರುವ ಕಾಗೆ ಅವರ ಗುರುತು. ಇಂಗ್ಲಿಷಿನಲ್ಲಿ ಕಾಗೆಗೆ ಕ್ರೋ ಅನ್ನುತ್ತಾರಲ್ಲ, ಆ ಹೆಸರಿನ ಚಮತ್ಕಾರ. ಅಗೇಟ್ ಎಂದು ಹೆಸರಿದ್ದರೂ ಕಲ್ಲಿನ ಚೂರೂ ಅದರಲ್ಲಿಲ್ಲ, ಎಲ್ಲಾ ಗಾಜು!

ಆಕ್ರೋದ ಹೆಗ್ಗುರುತು ಕಾರ್ಕ್‌ಸ್ಕ್ರೂ ಎಂಬ ಗೋಲಿ. ಬಣ್ಣದ ಪಟ್ಟಿಯೊಂದು ತಿರುಪುಮೊಳೆಯ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿಕೊಂಡು ಹೋಗುತ್ತದೆ. ಬಿಸಿ ಗಾಜು ಕೆಳಗೆ ಬೀಳುವಾಗಲೇ ಅದನ್ನು ತಿರುಗಿಸುವ ಏರ್ಪಾಟು ಮಾಡಿದ್ದರ ಫಲ ಅದು.

ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಪೆಲ್ಟಿಯರ್ ಕಾರ್ಖಾನೆಯದು ಬೇರೆ ರೀತಿ. ಅವರ ಗೋಲಿಯ ಮೈಮೇಲೆ ಪಟ್ಟಿಗಳು ರಿಬ್ಬನ್ನಿನಂತೆ ಹರಡಿರುತ್ತವೆ. ನೀಲಿಯ ಮೇಲೆ ಕೆಂಪು, ಹಳದಿ ಇದ್ದರೆ ಸೂಪರ್‌ಮ್ಯಾನ್, ಬಿಳಿಯ ಮೇಲೆ ಕೆಂಪು, ಹಸಿರು ಇದ್ದರೆ ಕ್ರಿಸ್ಮಸ್ ಟ್ರೀ ಎಂದು ಸಂಗ್ರಾಹಕರು ಕರೆಯುತ್ತಾರೆ. ಬೆಟ್ಟಿ ಬೂಪ್ ಮೊದಲಾದ ಹನ್ನೆರಡು ಚಿತ್ರಕಥೆಯ ಪಾತ್ರಗಳ ಮುಖವನ್ನು ಕಪ್ಪು ಬಣ್ಣದಲ್ಲಿ ಗೋಲಿಯ ಮೇಲೆ ಸುಟ್ಟು ಕೂರಿಸಿದವರೂ ಇವರೇ. 1922ರಲ್ಲಿ ರಾಷ್ಟ್ರೀಯ ಗೋಲಿ ಪಂದ್ಯಾವಳಿ ಆರಂಭವಾಯಿತು. 1960ರಿಂದ ಅದು ನ್ಯೂಜೆರ್ಸಿಯ ವೈಲ್ಡ್‌ವುಡ್ ಎಂಬ ಕಡಲತೀರದ ಊರಿನಲ್ಲಿ ನಡೆಯುತ್ತ ಬಂದಿದೆ.

1950ರ ದಶಕದ ಆರಂಭದಲ್ಲಿ ಜಪಾನಿನಿಂದ ಹೊಸದೊಂದು ಗೋಲಿ ಬಂತು. ತಿಳಿಗಾಜಿನ ಒಳಗೆ ಬಣ್ಣದ ಎಸಳುಗಳು, ಹೆಸರು ಕ್ಯಾಟ್ಸ್ ಐ, ಬೆಕ್ಕಿನ ಕಣ್ಣು. ಬಲು ಅಗ್ಗ. ಮಕ್ಕಳು ಮುಗಿಬಿದ್ದರು. ಯುದ್ಧಕಾಲದಲ್ಲಿ ಮಕ್ಕಳ ಗಾಜಿನ ಪಾತ್ರೆ ಸೆಟ್ಟುಗಳನ್ನು ಮಾರಿ ಬದುಕಿದ್ದ ಆಕ್ರೋ, ಪ್ಲಾಸ್ಟಿಕ್ಕಿನ ಮತ್ತು ಹೊರದೇಶದ ಸರಕಿನ ಪೈಪೋಟಿ ತಡೆಯಲಾರದೆ 1951ರಲ್ಲಿ ಬಾಗಿಲು ಮುಚ್ಚಿತು. 1949ರಲ್ಲಿ ಆರಂಭವಾದ ಮಾರ್ಬಲ್ ಕಿಂಗ್ ಮೊದಲಾದವರು ತಾವೂ ಬೆಕ್ಕಿನ ಕಣ್ಣು ಮಾಡಿ ಉಳಿದುಕೊಂಡರು. ನಮ್ಮೂರಿನ ಶೆಟ್ಟರ ಅಂಗಡಿಯ ಗಾಜಿನ ಭರಣಿಯಲ್ಲಿ, ಜಾತ್ರೆಯ ಸಾಲುಗಳಲ್ಲಿ ನಾವು ಕೊಂಡ "ಹೂವಿನ ಗೋಲಿ" ಕೂಡ ಈ ಬೆಕ್ಕಿನ ಕಣ್ಣಿನ ಜಾತಿಯದೇ.

ಗುರುತು ಹಿಡಿಯುವುದು ಹೇಗೆ?

ಇಷ್ಟು ಚರಿತ್ರೆ ತಿಳಿದರೆ ಡಬ್ಬಿ ತೆರೆದು ಕೂರಬಹುದು. ಬೇಕಾದ ಸಲಕರಣೆ ಒಂದು ಭೂತಗನ್ನಡಿ, ಒಂದು ಒಳ್ಳೆಯ ದೀಪ, ಅಳೆಯಲು ಒಂದು ಕ್ಯಾಲಿಪರ್.

ಮೊದಲನೆಯದು ಹೊಕ್ಕುಳು. ಬೆರಳಿನಿಂದ ಸವರಿ ನೋಡಿ. ಒರಟು ಗುರುತಿದ್ದು, ಒಳಗಿನ ಎಳೆಗಳೆಲ್ಲ ಅಲ್ಲಿಗೇ ಬಂದು ಸೇರುತ್ತಿದ್ದರೆ ಕೈಗೋಲಿ. ಎರಡನೆಯದು ಬಣ್ಣದ ಓಟ. 9 ಮತ್ತು ಬಾಲ, ತಿರುಪಿನ ಸುತ್ತು, ರಿಬ್ಬನ್ ಪಟ್ಟಿ, ಎಸಳು, ಹೀಗೆ ಒಂದೊಂದೂ ಒಂದೊಂದು ಯಂತ್ರದ ಸಹಿ. ಮೂರನೆಯದು ಅಳತೆ. ಮಕ್ಕಳಾಡುವ ಯಂತ್ರದ ಗೋಲಿ ಹೆಚ್ಚಾಗಿ ಇಂಚಿನ ಎಂಟನೇ ಐದು ಭಾಗದಷ್ಟಿರುತ್ತದೆ. ಒಂದಿಂಚಿಗೆ ಮೇಲ್ಪಟ್ಟ ಹಳೆಯ ಯಂತ್ರದ ಗೋಲಿ ಕಡಿಮೆ. ನಾಲ್ಕನೆಯದು ಸವೆತ. ನೂರಾರು ಬಾರಿ ಗುರಿಯಿಟ್ಟು ಹೊಡೆಸಿಕೊಂಡ ಗೋಲಿಯ ಮೈಮೇಲೆ ಸಣ್ಣ ಅರ್ಧಚಂದ್ರದ ಗುರುತುಗಳಿರುತ್ತವೆ. ಇನ್ನೊಂದು ಪರೀಕ್ಷೆ ಕಪ್ಪುದೀಪ, ಅಂದರೆ ಅಲ್ಟ್ರಾವಯೊಲೆಟ್ ದೀಪ. ಗಾಜಿಗೆ ಸ್ವಲ್ಪ ಯುರೇನಿಯಂ ಬೆರೆಸಿದ್ದರೆ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. ಆದರೆ ಹೊಳೆದದ್ದೆಲ್ಲ ಹಳೆಯದು ಎಂದು ತಿಳಿಯಬೇಡಿ.

ಹಣದ ಆಸೆ ಇರುವಲ್ಲಿ ನಕಲಿಯೂ ಇರುತ್ತದೆ. ಈಗಿನ ಕಲಾವಿದರೂ ಕೈಯಿಂದ ಗೋಲಿ ಮಾಡುತ್ತಾರೆ, ಅವು ಚೆಲುವಾದವೇ. ಅವನ್ನು ಹಳೆಯದೆಂದು ಮಾರುವವನು ಮಾತ್ರ ಮೋಸಗಾರ. ಸವೆದ ಗೋಲಿಗೆ ಮೆರುಗು ಹಾಕಿ ಹೊಸದರಂತೆ ಮಾಡುವವರೂ ಇದ್ದಾರೆ. ಹಾಗೆ ಉಜ್ಜುವಾಗ ಹೊಕ್ಕುಳೂ ಮಾಯವಾಗುತ್ತದೆ, ಬೆಲೆಯೂ ಇಳಿಯುತ್ತದೆ. ಚಿತ್ರದ ಗೋಲಿಯಲ್ಲಿ ಚಿತ್ರ ಗಾಜಿಗೆ ಬೆಸೆದುಕೊಂಡಿರಬೇಕು, ಮೇಲೆ ಅಂಟಿಸಿದ ಸ್ಟಿಕ್ಕರಿನಂತಿರಬಾರದು. ನಿಮ್ಮ ಗೋಲಿಗಳನ್ನು ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ತೊಳೆದರೆ ಸಾಕು. ಕುದಿನೀರಿಗೆ ಹಾಕಿದರೆ ಬಿರುಕು ಬಿಟ್ಟೀತು. ಮೂಲ ಪೆಟ್ಟಿಗೆ ಇದ್ದರೆ ಎಂದೂ ಎಸೆಯಬೇಡಿ. ಗೋಲಿಯ ಮೈಮೇಲೆ ಬರೆಯದಿದ್ದ ಹೆಸರನ್ನು ಪೆಟ್ಟಿಗೆ ಹೇಳುತ್ತದೆ.

ಸೋಡಾ ಬಾಟಲಿಯ ಗೋಲಿ

ನಮ್ಮಲ್ಲಿ ಅನೇಕರ ಮೊದಲ ಗೋಲಿ ಯಾವುದು ಗೊತ್ತೇ? ಬಣ್ಣವಿಲ್ಲದ, ತಿಳಿಹಸಿರು ಗೋಲಿ. ಅದು ಗೋಲಿ ಸೋಡಾದ ಬಾಟಲಿಯಿಂದ ಬಂದದ್ದು. ಈ ಬಾಟಲಿಯ ಕರ್ತೃ ಇಂಗ್ಲೆಂಡಿನ ಹಿರಮ್ ಕಾಡ್. 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ. ಬಾಟಲಿಯ ಬಾಯಲ್ಲಿ ರಬ್ಬರ್ ಉಂಗುರ, ಒಳಗೊಂದು ಗೋಲಿ. ತಲೆಕೆಳಗಾಗಿ ಹಿಡಿದು ಅನಿಲದ ನೀರು ತುಂಬಿದರೆ, ಅನಿಲದ ಒತ್ತಡವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬಿರಡೆಯೂ ಬೇಡ, ಮುಚ್ಚಳವೂ ಬೇಡ. ಒತ್ತಿದಾಗ "ಕುಯ್" ಎಂದು ಗೋಲಿ ಕೆಳಗಿಳಿಯುತ್ತದೆ. ಬಗ್ಗಿಸಿ ಕುಡಿಯುವಾಗ ಕತ್ತಿನ ಒಳಗಿನ ಉಬ್ಬು ಅದನ್ನು ತಡೆದು ನಿಲ್ಲಿಸುತ್ತದೆ. ಬಾಟಲಿ ಒಡೆಯದೆ ಗೋಲಿ ತೆಗೆಯುವಂತಿಲ್ಲ. ಹಾಗಾಗಿ ಬಾಟಲಿ ಒಡೆದ ಹುಡುಗರು ಬೈಸಿಕೊಂಡರು. ಇಂಗ್ಲೆಂಡಿನಲ್ಲೂ ಇದೇ ಕಥೆ. ಅಲ್ಲಿ ಪೂರ್ತಿ ಉಳಿದ ಹಳೆಯ ಕಾಡ್ ಬಾಟಲಿಗಳನ್ನು ಈಗ ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿ, ಜಪಾನಿನಲ್ಲಿ ಈ ಬಾಟಲಿ ಇನ್ನೂ ಜೀವಂತವಾಗಿದೆ.

ನಮ್ಮ ಗೋಲಿಯ ಚರಿತ್ರೆ ಬರೆಯುವವರಾರು?

ಅಮೆರಿಕದ ಗೋಲಿ ಕಾರ್ಖಾನೆಗಳ ಚರಿತ್ರೆ ತಾನಾಗಿ ಉಳಿಯಲಿಲ್ಲ. ಸಂಗ್ರಾಹಕರು ಮುಚ್ಚಿಹೋದ ಕಾರ್ಖಾನೆಗಳ ಜಾಗದಲ್ಲಿ ಮಣ್ಣು ಅಗೆದು ಒಡೆದ, ಕೆಟ್ಟುಹೋದ ಗೋಲಿಗಳನ್ನು ಹೆಕ್ಕಿದರು. ಯಾವ ಊರಿನಲ್ಲಿ ಯಾವ ಬಣ್ಣ ಸಿಕ್ಕಿತು ಎಂದು ಬರೆದಿಟ್ಟರು. ಮುದುಕರಾದ ಕೆಲಸಗಾರರನ್ನು ಕೂರಿಸಿಕೊಂಡು ಕೇಳಿದರು. ಹಳೆಯ ಲೆಕ್ಕಪತ್ರ ಹುಡುಕಿದರು. ಇವರಲ್ಲಿ ಹೆಚ್ಚಿನವರು ಪ್ರೊಫೆಸರುಗಳಲ್ಲ, ನಮ್ಮ ನಿಮ್ಮಂತೆ ಬೇರೆ ಉದ್ಯೋಗದಲ್ಲಿದ್ದು ಶನಿವಾರ ಭಾನುವಾರ ಬಿಡುವು ಮಾಡಿಕೊಂಡವರು.

ನಮ್ಮ ಗೋಲಿಗೆ ಈ ಭಾಗ್ಯ ಬಂದಿಲ್ಲ. ಸಂತೆಯಲ್ಲಿ ಕೊಂಡ ಗೋಲಿಗೆ ಪೆಟ್ಟಿಗೆಯಿರಲಿಲ್ಲ, ಕಂಪನಿಯ ಹೆಸರಿರಲಿಲ್ಲ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರು, ಅಷ್ಟೇ. ಅದನ್ನು ತಂದು ಮಾರಿದವರು, ಸೋಡಾ ಫ್ಯಾಕ್ಟರಿ ನಡೆಸಿದವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಆಟವೂ ಹಾಗೆಯೇ. ಹೆಬ್ಬೆರಳನ್ನು ನೆಲಕ್ಕೂರಿ, ನಡುಬೆರಳನ್ನು ಬಿಲ್ಲಿನಂತೆ ಹಿಂದಕ್ಕೆಳೆದು ಹೊಡೆಯುವುದು ನಮ್ಮ ಪದ್ಧತಿ. ಇಲ್ಲಿಯ ಮಕ್ಕಳು ಗೆಣ್ಣನ್ನು ನೆಲಕ್ಕೂರಿ ಹೆಬ್ಬೆರಳಿನಿಂದ ಚಿಮ್ಮುತ್ತಾರೆ. ಸೋತವನ ಗೆಣ್ಣಿಗೆ ಗೋಲಿಯಿಂದ ಹೊಡೆಯುವ ನಮ್ಮ ಶಿಕ್ಷೆಯನ್ನು ಹೇಳಿದರೆ ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಬೆರಗಾಗುತ್ತಾರೆ. ಊರೂರಿಗೆ ಆಟದ ನಿಯಮ ಬೇರೆ, ಮಾತು ಬೇರೆ. ಮೈಸೂರಿನ ಹುಡುಗ ಆಡಿದ ಮಾತು ಧಾರವಾಡದ ಹುಡುಗನದಲ್ಲ. ಆ ಮಾತುಗಳು ಯಾವ ನಿಘಂಟಿಗೂ ಕಾಯದೆ ಹೋಗಿಬಿಡಬಹುದು.

ಆದ್ದರಿಂದ ನಮ್ಮದೊಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು, ದೇವರಮನೆಯ ಹಿಂದಿನ ಗೂಡು ಇವುಗಳನ್ನೊಮ್ಮೆ ನೋಡಿ. ಹಳೆಯ ಗೋಲಿ ಸಿಕ್ಕರೆ ಒಂದು ಚೀಟಿಯಲ್ಲಿ ಯಾವ ಊರು, ಸುಮಾರು ಯಾವ ವರ್ಷ, ಯಾರದು, ಎಲ್ಲಿ ಕೊಂಡದ್ದು ಎಂದು ಬರೆದು ಜೊತೆಗಿಡಿ. ಅಜ್ಜನನ್ನೋ ಸೋದರಮಾವನನ್ನೋ ಕೂರಿಸಿಕೊಂಡು ಅವರು ಆಡುತ್ತಿದ್ದ ಆಟದ ಹೆಸರು, ನಿಯಮ, ಬೈಗುಳ ಸಮೇತ ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ನಮ್ಮ ಪತ್ರಿಕೆಗೂ ಕಳಿಸಿ, ಒಂದು ಪುಟ ಅದಕ್ಕಾಗಿ ಮೀಸಲಿಡೋಣ. ಯುಗಾದಿ ಸಮಾರಂಭಕ್ಕೆ ಬರುವಾಗ ನಿಮ್ಮಲ್ಲಿರುವ ಗೋಲಿಗಳನ್ನೂ ತನ್ನಿ. ಊಟದ ಮೇಜಿನ ಪಕ್ಕದಲ್ಲೇ ಒಂದು ಮೇಜು ಹಾಕಿಸುತ್ತೇವೆ. ಒಂದು ಭೂತಗನ್ನಡಿಯನ್ನೂ ನಾವೇ ತರುತ್ತೇವೆ.